ಅರಬ್ಬಿ ಸಮುದ್ರಕ್ಕೆ ಗಗನನೌಕೆ ಇಳಿಸೋದಾದರೆ ಹವಾಮಾನ ನೋಡಿ ಮುಹೂರ್ತ ಇಡೋದು ಹೇಗೆ?

ಮಾಟುಂಗಾ_ಮಳೆ (ಮುಂಬಯಿ):

ಗಗನಯಾತ್ರಿ ಶುಭಾಂಶು ಶುಕ್ಲಾ ಇದ್ದ ಸ್ಪೇಸ್‌ಎಕ್ಸ್ ಕಂಪನಿಯ ಡ್ರ್ಯಾಗನ್ ನೌಕೆ 2025ರ ಜುಲೈ 15ರಂದು ಸ್ಯಾನ್ ಡಿಯಾಗೋ ಹತ್ತಿರದ ಕಡಲಿಗೆ ಇಳಿಯಿತು, ನಮ್ಮ ಗಡಿಯಾರದಲ್ಲಿ ಮಧ್ಯಾಹ್ನ 3 ಗಂಟೆ 1 ನಿಮಿಷ. ಜುಲೈ ಮಧ್ಯದಲ್ಲಿ ಮರೀನ್ ಡ್ರೈವ್ ಹೇಗಿರುತ್ತೆ ಅಂತ ಇಲ್ಲಿರೋರಿಗೆ ಬಿಡಿಸಿ ಹೇಳಬೇಕಿಲ್ಲ, ದಡದ ಕಾಂಕ್ರೀಟ್ ಟೆಟ್ರಾಪಾಡ್ ದಾಟಿ ಫುಟ್‌ಪಾತಿಗೆ ನೀರು ಹಾರ್ತಿರುತ್ತೆ. ಗಗನಯಾನದ ನೌಕೆ ಗುಜರಾತಿನ ಆಚೆಗಿನ ಅರಬ್ಬಿ ಸಮುದ್ರಕ್ಕೆ ಇಳಿಯುತ್ತೆ, ಬಂಗಾಳ ಕೊಲ್ಲಿ ಬದಲಿ ಜಾಗ ಅಂತ 2018ರಲ್ಲೇ ಹೇಳಿದ್ದರು. ಅದನ್ನ ಓದಿದಾಗಿನಿಂದ ಕೆಲವು ಪ್ರಶ್ನೆ ತಲೆ ತಿಂತಿವೆ.

ಇಳಿಯೋ ಜಾಗದಲ್ಲಿ ಮಳೆ ಬಂದರೆ ಇನ್ನೊಂದು ಸುತ್ತು ಹಾಕಿ ಬರೋಕೆ ಏನು ಅಡ್ಡಿ? ವಾಪಸ್ ಹೋಗೋಕೆ ಆಗದ ಗಳಿಗೆ ಯಾವುದು, ಅದಕ್ಕೆ ಎಷ್ಟು ಮೊದಲು ಹವಾಮಾನ ಗೊತ್ತಿರಬೇಕು? ಅಲೆ ಎಷ್ಟು ಎತ್ತರ ಇದ್ದರೆ ಬೇಡ ಅಂತಾರೆ? ಕೊನೇದು, ನಮ್ಮ ಕಡಲಿಗೆ ವರ್ಷದಲ್ಲಿ ಯಾವ ತಿಂಗಳು ಸರಿ? "ಹವಾಮಾನ ಅನುಕೂಲವಾಗಿರಬೇಕು" ಅನ್ನೋ ಪತ್ರಿಕೆ ಉತ್ತರ ಬೇಡ, ಅಂಕಿ ಬೇಕು.

ಪಾಷಾಣ್_ಮುನ್ಸೂಚನೆ (ಪುಣೆ):

ಮೊದಲ ಎರಡು ಪ್ರಶ್ನೆ ನಾನು ತಗೊಳ್ತೀನಿ. ಅಲೆ ವಿಚಾರ ಗೋವಾದವರು ಬಂದು ಹೇಳಲಿ.

ಇನ್ನೊಂದು ಸುತ್ತು ಹಾಕಬಹುದು, ಆದರೆ ಆ ಸುತ್ತು ನಿಮ್ಮ ಊರಿನ ಮೇಲೆ ಬರೋದಿಲ್ಲ. 400 ಕಿ.ಮೀ. ಎತ್ತರದಲ್ಲಿ ಒಂದು ಸುತ್ತಿಗೆ ಸುಮಾರು 92 ನಿಮಿಷ. ಅಷ್ಟು ಹೊತ್ತಿಗೆ ಕೆಳಗೆ ಭೂಮಿ ಪೂರ್ವಕ್ಕೆ 23 ಡಿಗ್ರಿ ತಿರುಗಿರುತ್ತೆ. ಮುಂಬಯಿ ಇರೋದು 73 ಡಿಗ್ರಿ ಪೂರ್ವ ರೇಖಾಂಶದ ಹತ್ತಿರ. ಈ ಸುತ್ತಿನಲ್ಲಿ ನೌಕೆ ಮುಂಬಯಿ ಮೇಲೆ ಹಾದರೆ ಮುಂದಿನ ಸುತ್ತಿನಲ್ಲಿ ಅದೇ ಅಕ್ಷಾಂಶವನ್ನ 50 ಡಿಗ್ರಿಯಲ್ಲಿ ದಾಟುತ್ತೆ, ಅಂದರೆ ಸೌದಿಯ ಮರಳುಗಾಡು. ಹಿಂದಿನ ಸುತ್ತಿನಲ್ಲಿ ದಾಟಿದ್ದು 96 ಡಿಗ್ರಿಯಲ್ಲಿ, ಅದು ಮ್ಯಾನ್ಮಾರ್. ಒಂದು ಸುತ್ತು ತಪ್ಪಿದರೆ ಈ ಅಕ್ಷಾಂಶದಲ್ಲಿ ಸುಮಾರು 2,400 ಕಿ.ಮೀ. ತಪ್ಪಿದ ಹಾಗೆ. ರೆಕ್ಕೆ ಇದ್ದ ನಾಸಾದ ಹಳೆಯ ಸ್ಪೇಸ್ ಷಟಲ್ ತನ್ನ ದಾರಿಯಿಂದ ಪಕ್ಕಕ್ಕೆ 2,000 ಕಿ.ಮೀ. ಹತ್ತಿರ ಹೊರಳಿಕೊಳ್ಳಬಲ್ಲದಾಗಿತ್ತು. ಗಂಟೆಯಾಕಾರದ ಕ್ಯಾಪ್ಸೂಲಿಗೆ ಆ ಭಾಗ್ಯ ಇಲ್ಲ, ದಾರಿ ನೇರವಾಗಿ ಜಾಗದ ಮೇಲೇ ಹಾದಿರಬೇಕು. ವಿರಾರ್ ಫಾಸ್ಟ್ ಲೋಕಲ್ ರೈಲು ತಪ್ಪಿದರೆ ಐದು ನಿಮಿಷಕ್ಕೆ ಇನ್ನೊಂದು ಸಿಗಬಹುದು, ಇಲ್ಲಿ ಒಂದು ಜಾಗಕ್ಕೆ ದಿನಕ್ಕೆ ಹೆಚ್ಚೆಂದರೆ ಎರಡು ಗಾಡಿ. ಒಂದು ನೈಋತ್ಯದಿಂದ ಈಶಾನ್ಯಕ್ಕೆ ಏರುವ ಹಾದಿ, ಇನ್ನೊಂದು ವಾಯವ್ಯದಿಂದ ಆಗ್ನೇಯಕ್ಕೆ ಇಳಿಯುವ ಹಾದಿ. ಎರಡೂ ಸರಿಯಾಗಿ ಜಾಗದ ಮೇಲೇ ಹಾದಾವು ಅನ್ನೋ ಖಾತರಿಯೂ ಇಲ್ಲ. ಹಾದಿ ಹೊಂದಿಕೆಯಾಗೋವರೆಗೆ ಕಕ್ಷೆಯಲ್ಲಿ ಕಾಯಬೇಕು. ಶುಕ್ಲಾ ಅವರ ನೌಕೆ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಬಿಟ್ಟ ಮೇಲೆ ನೀರಿಗೆ ಬೀಳೋಕೆ 22 ಗಂಟೆ ದಾಟಿದ್ದು ಅದಕ್ಕೇ. ರಷ್ಯಾದ ಸೋಯುಜ್ ನೌಕೆ ಮೂರೂವರೆ ಗಂಟೆಯಲ್ಲಿ ಕಜಾಕಸ್ತಾನಕ್ಕೆ ಬಂದುಬಿಡುತ್ತೆ, ಯಾಕೆಂದರೆ ಹಾದಿ ಹೊಂದುವ ಹಾಗೆ ನಿಲ್ದಾಣದ ಕಕ್ಷೆಯನ್ನೇ ಮೊದಲು ಸರಿಮಾಡಿಕೊಂಡು, ಆಮೇಲೆ ಬಿಟ್ಟು ಹೊರಡ್ತಾರೆ.

ಇನ್ನು ವಾಪಸ್ ಹೋಗಲಾಗದ ಗಳಿಗೆ. ಅದು ಡಿಆರ್ಬಿಟ್ ಬರ್ನ್, ಅಂದರೆ ನೌಕೆ ಹಿಮ್ಮುಖವಾಗಿ ಎಂಜಿನ್ ಉರಿಸಿ ವೇಗ ಕಳೆದುಕೊಳ್ಳೋದು. ಕಳೆದುಕೊಳ್ಳೋದು ಅತ್ಯಲ್ಪ: ಸೆಕೆಂಡಿಗೆ 7.7 ಕಿ.ಮೀ. ವೇಗದಲ್ಲಿ ಸೋಯುಜ್ ಕಳೆಯೋದು ಬರೀ 128 ಮೀಟರ್. ಆದರೆ ಒಮ್ಮೆ ಕಳೆದ ಮೇಲೆ ಮತ್ತೆ ಕಕ್ಷೆಗೆ ಏರೋಷ್ಟು ಇಂಧನ ಯಾರ ಹತ್ತಿರವೂ ಇರೋದಿಲ್ಲ. ಸೋಯುಜ್‌ಗೆ ಈ ಬರ್ನ್ ಸುಮಾರು ನಾಲ್ಕೂಮುಕ್ಕಾಲು ನಿಮಿಷ, ಷಟಲ್‌ಗೆ ಎರಡೂವರೆ ಮೂರು ನಿಮಿಷ. ಡ್ರ್ಯಾಗನ್‌ನ ಎಂಜಿನ್‌ಗಳು ಚಿಕ್ಕವು, ಆ ಜುಲೈ 15ರಂದು ನಮ್ಮ ಮಧ್ಯಾಹ್ನ 2 ಗಂಟೆ 7 ನಿಮಿಷಕ್ಕೆ ಶುರುವಾಗಿ ಸುಮಾರು 18 ನಿಮಿಷ ಉರಿದವು. ಅಲ್ಲಿಂದ ನೀರಿಗೆ ಬೀಳೋವರೆಗೆ ಅರ್ಧ ಗಂಟೆ ಚಿಲ್ಲರೆ. ಶುರುವಾದ ಬರ್ನ್ ಮುಗಿದ ಮೇಲೆ ಕೆಳಗೆ ಗುಡುಗಿದರೂ ಅಷ್ಟೇ, ಸಿಡಿಲು ಬಡಿದರೂ ಅಷ್ಟೇ. ಆಮೇಲೆ ರಡಾರ್ ನೋಡೋದು ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ.

ಹಾಗಾಗಿ ಮುನ್ಸೂಚನೆ ಕೊಡೋರಿಗೆ ಕೇಳೋ ಪ್ರಶ್ನೆ "ಈಗ ಹೇಗಿದೆ" ಅನ್ನೋದಲ್ಲ, "ಇನ್ನು ಒಂದೂವರೆ ಗಂಟೆಗೆ, ಈ ಇಪ್ಪತ್ತು ಕಿಲೋಮೀಟರ್ ಆಸುಪಾಸಿನಲ್ಲಿ ಹೇಗಿರುತ್ತೆ" ಅನ್ನೋದು. ದಿನದ ಮಳೆ ಹೇಳೋದಕ್ಕಿಂತ ಇದು ಕಷ್ಟ. ಬೆಳಗಿನ ಮಂಜು ಏಳು ಗಂಟೆಗೆ ಕರಗುತ್ತೋ ಎಂಟಕ್ಕೋ, ಕಡಲಗಾಳಿ ಹನ್ನೊಂದಕ್ಕೆ ಏಳುತ್ತೋ ಹನ್ನೆರಡಕ್ಕೋ, ಅಲ್ಲೇ ಎಲ್ಲ ತೀರ್ಮಾನ ಕೂತಿರುತ್ತೆ.

ಡ್ರ್ಯಾಗನ್‌ಗೆ ಈ ಬರ್ನ್‌ಗಿಂತ ಮೊದಲೇ ಇನ್ನೊಂದು ಬಾಗಿಲಿದೆ, ಜನ ಅದನ್ನ ಮರೀತಾರೆ. ನಿಲ್ದಾಣ ಬಿಡೋದು. ನಿಲ್ದಾಣದಲ್ಲಿ ಕಟ್ಟಿಕೊಂಡಿರುವಾಗ ನೌಕೆಗೆ ಏನೂ ಅವಸರ ಇಲ್ಲ, ಊಟ ನೀರು ಗಾಳಿ ಎಲ್ಲ ಅಲ್ಲಿಂದ. ಬಿಟ್ಟು ಹೊರಟ ಮೇಲೆ ಕೆಲವೇ ದಿನದ ಬಾಳು. ಅದಕ್ಕೇ ಎರಡು ದಿನ ಮುಂಚೆ ಒಂದು ಮುಖ್ಯ ಜಾಗ, ಒಂದು ಬದಲಿ ಜಾಗ ಗುರುತು ಮಾಡಿ, ಬಿಡೋ ಮುಂಚೆ ಮತ್ತೆ ಮತ್ತೆ ನೋಡ್ತಾರೆ. ಬಿಟ್ಟ ಮೇಲೂ ಕೆಟ್ಟರೆ 24ರಿಂದ 48 ಗಂಟೆ ಮುಂದಕ್ಕೆ ಹಾಕೋ ಅವಕಾಶ ಇಟ್ಟುಕೊಂಡಿರ್ತಾರೆ. 2022ರ ಏಪ್ರಿಲ್‌ನಲ್ಲಿ ಡ್ರ್ಯಾಗನ್ ಏರಿದ ಆಕ್ಸಿಯಮ್-1 ಯಾನದವರು ಹತ್ತು ದಿನಕ್ಕೆ ಅಂತ ಹೋಗಿ ಫ್ಲೋರಿಡಾದ ಹವಾಮಾನದಿಂದ 17 ದಿನ ಕಳೆದು ಬಂದರು. 2024ರಲ್ಲಿ ಇನ್ನೊಂದು ಡ್ರ್ಯಾಗನ್ ಯಾನ ಕ್ರೂ-8, ಚಂಡಮಾರುತ ಮಿಲ್ಟನ್ ಮತ್ತು ಅದರ ಬೆನ್ನಿಗೆ ಬಂದ ಗಾಳಿಯಿಂದ ಎರಡು ವಾರದ ಮೇಲೆ ತಡವಾಗಿ ಅಕ್ಟೋಬರ್ 25ಕ್ಕೆ ಇಳಿಯಿತು. ನಿಲ್ದಾಣ ಇದ್ದದ್ದರಿಂದ ಕಾದರು.

ನಿಲ್ದಾಣಕ್ಕೆ ಹೋಗದ ನೌಕೆಗೆ ಆ ಜಗುಲಿ ಇಲ್ಲ. ಡ್ರ್ಯಾಗನ್‌ನದೇ ಪೊಲಾರಿಸ್ ಡಾನ್ ಯಾನ 2024ರ ಆಗಸ್ಟ್ ಕೊನೆಗೆ ಹಾರಬೇಕಿತ್ತು, ಸೆಪ್ಟೆಂಬರ್ 10ರವರೆಗೆ ಹಾರಲಿಲ್ಲ. ಹಾರೋ ದಿನದ ಆಕಾಶಕ್ಕಿಂತ ಹೆಚ್ಚಾಗಿ ಐದು ದಿನ ಬಿಟ್ಟು ಇಳಿಯೋ ಕಡಲು ಸರಿ ಇರಲಿಲ್ಲ. ಮೂರು ದಿನದ ಗಗನಯಾನವೂ ಇದೇ ಜಾತಿ.

ವಾಸ್ಕೊ_ವಾಯವ್ಯ (ಗೋವಾ):

ಅಲೆ "ಎಷ್ಟು ಎತ್ತರ" ಅನ್ನೋ ಪ್ರಶ್ನೆಯೇ ಅರ್ಧ ಪ್ರಶ್ನೆ. ಎರಡು ಮೀಟರ್ ಅಲೆ ಒಮ್ಮೆ ತೊಟ್ಟಿಲು, ಒಮ್ಮೆ ಗೋಡೆ. ವ್ಯತ್ಯಾಸ ಇರೋದು ಅವಧಿಯಲ್ಲಿ, ಅಂದರೆ ಒಂದು ತೆರೆಯ ನೆತ್ತಿಯಿಂದ ಮುಂದಿನ ನೆತ್ತಿ ಬರೋಕೆ ಎಷ್ಟು ಸೆಕೆಂಡು.

ಆಳದ ನೀರಿನಲ್ಲಿ ಲೆಕ್ಕ ಸುಲಭ. ಅವಧಿಯನ್ನ ಅದರಿಂದಲೇ ಗುಣಿಸಿ, 1.56ರಿಂದ ಮತ್ತೆ ಗುಣಿಸಿದರೆ ಅಲೆಯ ಉದ್ದ ಮೀಟರಿನಲ್ಲಿ ಬರುತ್ತೆ. 6 ಸೆಕೆಂಡಿನ ಅಲೆ 56 ಮೀಟರ್ ಉದ್ದ, 12 ಸೆಕೆಂಡಿನದು 225 ಮೀಟರ್. ಅಲೆಯ ಮುಖದ ಕಡಿದಾದ ಇಳಿಜಾರು ಬೇಕಿದ್ದರೆ ಎತ್ತರವನ್ನ 3.14ರಿಂದ ಗುಣಿಸಿ ಉದ್ದದಿಂದ ಭಾಗಿಸಿ, ಡಿಗ್ರಿಗೆ ತರಲು 57.3ರಿಂದ ಗುಣಿಸಿ. ಎರಡು ಮೀಟರ್ ಎತ್ತರಕ್ಕೆ 6 ಸೆಕೆಂಡಿನಲ್ಲಿ 6.4 ಡಿಗ್ರಿ, 12 ಸೆಕೆಂಡಿನಲ್ಲಿ 1.6 ಡಿಗ್ರಿ. ಡ್ರ್ಯಾಗನ್‌ಗೆ ನಾಸಾ ಇಟ್ಟಿರೋ ಮಿತಿ ಇಳಿಜಾರು 7 ಡಿಗ್ರಿ ಮೀರಬಾರದು ಅಂತ, ಇಷ್ಟು ಮೀಟರ್ ಅಂತ ಅಲ್ಲ. ಕಾರಣ ಕ್ಯಾಪ್ಸೂಲಿನ ತಳ. ಅದು ಒಂದು ನಿಗದಿತ ಕೋನದಲ್ಲಿ ನೀರು ಸೀಳಿದರೆ ಪೆಟ್ಟು ಮೆಲ್ಲಗೆ, ಚಪ್ಪಟೆಯಾಗಿ ಬಿದ್ದರೆ ಹೊಟ್ಟೆ ಮೇಲೆ ಬಿದ್ದ ಈಜುಗಾರನ ಪಾಡು. ಅಲೆಯ ಮುಖ ಆ ಕೋನವನ್ನ ಕೂಡುತ್ತೋ ಕಳೆಯುತ್ತೋ ಅನ್ನೋದು ಆ ಕ್ಷಣದ ಅದೃಷ್ಟ, ಅದಕ್ಕೇ ಇಳಿಜಾರನ್ನೇ ಕಟ್ಟಿಹಾಕಿರೋದು.

ಒಂದು ಎಚ್ಚರ. ಮುನ್ಸೂಚನೆಯಲ್ಲಿ ಕೊಡೋ ಎತ್ತರ ಗಮನಾರ್ಹ ಅಲೆ ಎತ್ತರ, ಅಂದರೆ ದೊಡ್ಡ ಮೂರನೇ ಒಂದು ಪಾಲು ಅಲೆಗಳ ಸರಾಸರಿ. ಕೆಲವು ಗಂಟೆಯಲ್ಲಿ ಒಂದಾದರೂ ತೆರೆ ಅದರ ಸುಮಾರು ಎರಡು ಪಟ್ಟು ಎದ್ದೇ ಏಳುತ್ತೆ. ಮೇಲೆ ಕೊಟ್ಟ ಲೆಕ್ಕ ನುಣುಪಾದ ಅಲೆಯದು, ನಿಜವಾದ ಕಡಲಿನ ಬೆನ್ನ ಮೇಲೆ ಗಾಳಿ ಎಬ್ಬಿಸಿದ ಮರಿ ಅಲೆ ಬೇರೆ ಇರುತ್ತೆ.

ಗಾಳಿಯ ಮಿತಿ ಇನ್ನೂ ಬಿಗಿ. ಡ್ರ್ಯಾಗನ್‌ಗೆ ಸೆಕೆಂಡಿಗೆ 15 ಅಡಿ, ಅಂದರೆ 4.6 ಮೀಟರ್, ಗಂಟೆಗೆ ಹದಿನಾರೂವರೆ ಕಿ.ಮೀ. ಮಿರಾಮಾರ್ ಬೀಚಿನಲ್ಲಿ ಸಂಜೆ ಗಾಳಿ ತಗೊಳ್ಳೋಕೆ ಹೋಗ್ತಾರಲ್ಲ, ಎಷ್ಟೋ ದಿನ ಆ ಗಾಳಿಯೇ ಇದನ್ನ ದಾಟಿರುತ್ತೆ! ಇದು ಡ್ರ್ಯಾಗನ್‌ನ ಮಿತಿ, ಗಗನಯಾನಕ್ಕೆ ಇದನ್ನೇ ಅಂಟಿಸಬೇಡಿ. ನೌಕೆ ಬೇರೆ, ಪ್ಯಾರಾಚೂಟ್ ಬೇರೆ, ಮೇಲೆತ್ತೋ ಹಡಗು ಬೇರೆ. ಕೆಳಗೆ ನಮ್ಮ ಕಡಲನ್ನ ಅಳೆಯೋಕೆ ಅದನ್ನ ಬರೀ ಅಳತೆಗೋಲಾಗಿ ಬಳಸ್ತೀನಿ.

ಜೂನ್‌ನಿಂದ ಸೆಪ್ಟೆಂಬರ್: ತೆರೆದ ಅರಬ್ಬಿ ಸಮುದ್ರದಲ್ಲಿ ಸೆಕೆಂಡಿಗೆ 10 ಮೀಟರ್ ದಾಟಿದ ಗಾಳಿ ವಾರಗಟ್ಟಲೆ ಬಿಡದೆ ಬೀಸುತ್ತೆ. ಅಲೆ 3 ಮೀಟರ್ ಆಚೀಚೆ, ಮಳೆ ಜೋರು ಹಿಡಿದಾಗ 4, 5. ತಮಾಷೆ ಅಂದರೆ, ಮೂರೂವರೆ ಮೀಟರ್ ಅಲೆಗೆ 9 ಸೆಕೆಂಡು ಅವಧಿ ಇದ್ದರೆ ಇಳಿಜಾರು 5 ಡಿಗ್ರಿ ಮಾತ್ರ, ಆ ಪರೀಕ್ಷೆಯಲ್ಲಿ ಪಾಸ್. ಗಾಳಿಯ ಪರೀಕ್ಷೆಯಲ್ಲಿ ಎರಡು ಪಟ್ಟು ಮೀರಿ ಫೇಲ್. ಇಡೀ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿ ಇಳಿಸಬಾರದು ಅಂತ ಇದೆಯಲ್ಲ, ಮೀನಿನ ಸಂತಾನಕ್ಕೆ ಮಾಡಿದ ಕಾನೂನು ಅದು. ಗಗನಯಾತ್ರಿಗಳಿಗೂ ಹೊಂದುತ್ತೆ. ಶ್ರಾವಣದ ನಾರಳಿ ಪೂರ್ಣಿಮೆಗೆ ಕೋಳಿ ಸಮುದಾಯದ ಮೀನುಗಾರರು ತೆಂಗಿನಕಾಯಿ ಬಿಟ್ಟು ಕಡಲಿಗಿಳೀತಾರೆ, ಗಗನನೌಕೆಗೆ ಅದೂ ಬೇಗವೇ ಆಯಿತು.

ಅಕ್ಟೋಬರ್, ನವೆಂಬರ್: ಕಡಲು ತಣ್ಣಗಾಗುತ್ತೆ, ಆದರೆ ಚಂಡಮಾರುತದ ಕಾಲ. 2019ರ ಅಕ್ಟೋಬರ್‌ನಲ್ಲಿ ಕ್ಯಾರ್ ಇದೇ ಸಮುದ್ರದಲ್ಲಿ ಸೂಪರ್ ಸೈಕ್ಲೋನ್ ಆಗಿ ಬೆಳೆಯಿತು. ಗೋವಾಕ್ಕೆ ನೇರ ಬಡಿಯದಿದ್ದರೂ ನೂರಾರು ಕಿ.ಮೀ. ದೂರದಿಂದ ಅಲೆ ಕಳಿಸುತ್ತೆ.

ಡಿಸೆಂಬರ್‌ನಿಂದ ಮಾರ್ಚ್: ಇದೇ ಒಳ್ಳೆಯ ಹೊತ್ತು. ಆದರೆ ಪೂರ್ತಿ ನಂಬಬೇಡಿ. ಅರೇಬಿಯಾ ಕಡೆ ಶಮಾಲ್ ಗಾಳಿ ಎದ್ದರೆ ಅದರ ಅಲೆ ವಾಯವ್ಯದಿಂದ ರತ್ನಾಗಿರಿ, ಗೋವಾದವರೆಗೂ ಬರುತ್ತೆ. ಇದನ್ನ ಅಳೆದು ಗುರುತಿಸಿದವರು ಇಲ್ಲೇ ದೋನಾ ಪಾವ್ಲಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯವರು. ಅವಧಿ ಗಿಡ್ಡ, ಹಾಗಾಗಿ ಎತ್ತರ ಕಮ್ಮಿ ಇದ್ದರೂ ಮುಖ ಕಡಿದು. ಆಕಾಶ ನೀಲಿ, ಬಿಸಿಲು ಚೆನ್ನ, ಪ್ರವಾಸಿಗರು ಖುಷಿ, ಲೆಕ್ಕ ಮಾತ್ರ ಕೆಡುತ್ತೆ.

ಏಪ್ರಿಲ್‌ನಿಂದ ಮೇ ನಡುವಿನವರೆಗೆ ಗಾಳಿ ಪರವಾಗಿಲ್ಲ. ಆದರೆ ದಕ್ಷಿಣ ಮಹಾಸಾಗರದಿಂದ ಸಾವಿರಾರು ಕಿ.ಮೀ. ಈಜಿ ಬರೋ ಉದ್ದನೆಯ ಅಲೆಗಳ ಕಾಲ ಅದು, ಮಲಯಾಳಿಗಳು ಕಳ್ಳಕ್ಕಡಲ್ ಅಂತಾರೆ. ನಮ್ಮ ಬಾಯಲ್ಲಿ ಕಳ್ಳಗಡಲು. ಗಾಳಿ ಇಲ್ಲ, ಮೋಡ ಇಲ್ಲ, ಸದ್ದಿಲ್ಲದೆ ದಡದ ಮನೆಗೆ ನುಗ್ಗುತ್ತೆ. ವಿಚಿತ್ರ ಅಂದರೆ ಆಳದ ಕಡಲಿನಲ್ಲಿ ಕ್ಯಾಪ್ಸೂಲಿಗೆ ಇದು ತೊಂದರೆಯೇ ಅಲ್ಲ, 15 ಸೆಕೆಂಡಿನ ಮೇಲಿನ ಅವಧಿಯಲ್ಲಿ ಇಳಿಜಾರು ಒಂದು ಡಿಗ್ರಿಯೂ ದಾಟೋದಿಲ್ಲ. ತೊಂದರೆ ಹಡಗಿಗೆ. ಹಿಂಬದಿಯ ಕೊಟ್ಟಿಗೆಯಲ್ಲಿ ನೀರು ತುಂಬಿ ನೌಕೆಯನ್ನ ಒಳಗೆ ಎಳೆದುಕೊಳ್ಳೋ ಹಡಗು ಆ ನಿಧಾನದ ತೂಗಾಟಕ್ಕೆ ಹೊರಳಿದರೆ, ಒಳಗೆ ನೀರು ಬಕೆಟ್‌ನಲ್ಲಿ ತುಳುಕೋ ಹಾಗೆ ತುಳುಕುತ್ತೆ. 2024ರ ಡಿಸೆಂಬರ್ 6ರಂದು ವಿಶಾಖಪಟ್ಟಣದ ಆಚೆ ನೌಕಾಪಡೆ ಮತ್ತು ಇಸ್ರೋ ಅಂಥ ಹಡಗಿನಲ್ಲೇ ಪ್ರಯೋಗ ಮಾಡಿದ್ದು.

ಮೇ ಮಧ್ಯದಿಂದ ಮತ್ತೆ ಬಾಗಿಲು ಮುಚ್ಚಿತು ಅಂತಲೇ ತಿಳೀರಿ. ತೌಕ್ತೆ 2021ರ ಮೇ, ನಿಸರ್ಗ 2020ರ ಜೂನ್, ಬಿಪರ್‌ಜಾಯ್ 2023ರ ಜೂನ್, ಮೂರೂ ಈ ಕಡಲಿನ ಚಂಡಮಾರುತಗಳೇ.

ಮಾಟುಂಗಾ_ಮಳೆ (ಮುಂಬಯಿ):

ಭರ್ಜರಿ. ಇಳಿಜಾರಿನ ಲೆಕ್ಕ ಹಾಕಿ ನೋಡಿದೆ, ಬಂತು. ಆದರೆ ಮಳೆಯ ಮಾತೇ ಯಾರೂ ಎತ್ತಲಿಲ್ಲವಲ್ಲ? ಬೆಂಕಿಯುಂಡೆ ಥರ ವಾತಾವರಣ ಸೀಳಿ ಬರೋ ನೌಕೆಗೆ ಮಳೆ ಹನಿ ಏನು ಮಾಡೀತು? ಮತ್ತೆ ನೆಲಕ್ಕೆ ಇಳಿಯೋ ಸೋಯುಜ್‌ಗೆ ಈ ತಾಪತ್ರಯ ಇಲ್ಲ ಅಲ್ವಾ?

ಡೊಂಬಿವಲಿ_ಡಾಪ್ಲರ್ (ಮುಂಬಯಿ):

ಮಳೆ ಹನಿಗೆ ಹೆದರಿದ್ದು ಷಟಲ್. ಅದರ ಹೊಟ್ಟೆಯ ಶಾಖ ತಡೆಯೋ ಹೆಂಚುಗಳು ಸಿಲಿಕಾ ನಾರಿನವು, ಥರ್ಮೋಕೋಲಿನಷ್ಟು ಹಗುರ. ಸುಮಾರು 1,260 ಡಿಗ್ರಿ ಸೆಲ್ಸಿಯಸ್ ತಡೀತಿದ್ದವು, ಆದರೆ ನೂರಾರು ಕಿ.ಮೀ. ವೇಗದಲ್ಲಿ ಹನಿ ಬಡಿದರೆ ಮೈ ಕಿತ್ತು ಬರ್ತಿತ್ತು. ಅದಕ್ಕೇ ಫ್ಲೋರಿಡಾದ ಕೆನಡಿ ಕೇಂದ್ರದ ರನ್‌ವೇಗೆ 30 ನಾಟಿಕಲ್ ಮೈಲಿ, ಸುಮಾರು 55 ಕಿ.ಮೀ. ಒಳಗೆ ಮಳೆಯಾಗಲಿ ಗುಡುಗಾಗಲಿ ಇರಬಾರದು ಅನ್ನೋ ನಿಯಮ. ಜೊತೆಗೆ ಹಗಲಿನಲ್ಲಿ ಅಡ್ಡಗಾಳಿ 15 ನಾಟ್ (ಗಂಟೆಗೆ ಸುಮಾರು 28 ಕಿ.ಮೀ.) ಮೀರಬಾರದು, 8,000 ಅಡಿ ಕೆಳಗೆ ಮುಚ್ಚಿದ ಮೋಡ ಇರಬಾರದು, ಕಣ್ಣಿಗೆ 5 ಮೈಲಿ ಕಾಣಬೇಕು. ಎಂಜಿನ್ ಬಲ ಇಲ್ಲದೆ ತೇಲಿ ಬರೋ ವಿಮಾನ ಅದು, ಗೋ-ಅರೌಂಡ್, ಅಂದರೆ ಮತ್ತೆ ಮೇಲೇರಿ ಇನ್ನೊಮ್ಮೆ ಇಳಿಯೋ ಮಾತೇ ಇಲ್ಲ. ಹೂಸ್ಟನ್‌ನ ನಿಯಂತ್ರಣ ಕೇಂದ್ರ ಸುಮ್ಮನೆ ಪರದೆ ನೋಡಿ ಕೂರ್ತಿರಲಿಲ್ಲ, ಒಬ್ಬ ಗಗನಯಾತ್ರಿ ಷಟಲ್‌ನಂತೆ ಇಳಿಯೋ ಹಾಗೆ ಮಾರ್ಪಡಿಸಿದ ಗಲ್ಫ್‌ಸ್ಟ್ರೀಮ್ ವಿಮಾನದಲ್ಲಿ ಅದೇ ಹಾದಿಯಲ್ಲಿ ಇಳಿದಿಳಿದು ನೋಡಿ ಮೋಡ ಹೇಗಿದೆ ಅಂತ ಹೇಳ್ತಿದ್ದರು. ಮಾಡೆಲ್ ಏನೇ ಹೇಳಲಿ, ಕಣ್ಣು ಕಂಡದ್ದಕ್ಕೆ ಬೆಲೆ.

1996ರಲ್ಲಿ ಕೊಲಂಬಿಯಾ ಹವಾಮಾನಕ್ಕೆ ಎರಡು ದಿನ ಕಾದು 17 ದಿನ 15 ಗಂಟೆಗೆ ಇಳಿಯಿತು, ಷಟಲ್‌ಗಳಲ್ಲೇ ಅತಿ ಉದ್ದದ ಯಾನ. 2009ರಲ್ಲಿ ಹಬಲ್ ರಿಪೇರಿ ಮುಗಿಸಿದ ಅಟ್ಲಾಂಟಿಸ್ ಫ್ಲೋರಿಡಾಗೆ ಎರಡು ದಿನ ಕಾದು ಸಾಕಾಗಿ ಮೇ 24ರಂದು ಕ್ಯಾಲಿಫೋರ್ನಿಯಾದ ಎಡ್ವರ್ಡ್ಸ್‌ಗೆ ಹೋಯಿತು. ಹಾಗೆ ಇಳಿದರೆ ಬೋಯಿಂಗ್ 747ರ ಬೆನ್ನ ಮೇಲೆ ಕೂರಿಸಿ ಫ್ಲೋರಿಡಾಗೆ ಹೊತ್ತು ತರಬೇಕಿತ್ತು. ಆದರೂ ಕಾದಷ್ಟೂ ಕೈಯಲ್ಲಿರೋ ದಿನ ಕರಗ್ತಿತ್ತು.

ಬದಲಿ ಜಾಗವೂ ಕೈಕೊಡುತ್ತೆ. 1982ರ ಮಾರ್ಚ್‌ನಲ್ಲಿ ಮೂರನೇ ಯಾನದ ಹೊತ್ತಿಗೆ ಎಡ್ವರ್ಡ್ಸ್‌ನ ಒಣ ಸರೋವರ ಮಳೆಗೆ ತುಂಬಿತ್ತು ಅಂತ ನ್ಯೂ ಮೆಕ್ಸಿಕೋದ ವೈಟ್ ಸ್ಯಾಂಡ್ಸ್‌ಗೆ ಬದಲಾಯಿಸಿದರು. ಅಲ್ಲಿ ದೂಳಿನ ಬಿರುಗಾಳಿ. ಒಂದು ದಿನ ತಡೆದು ಮಾರ್ಚ್ 30ಕ್ಕೆ ಇಳಿಸಿದರು, ಆಮೇಲೆ ಮೂಲೆ ಮೂಲೆಯಿಂದ ಜಿಪ್ಸಮ್ ಪುಡಿ ಕೆರೆದದ್ದೇ ಕೆರೆದದ್ದು. ಮತ್ತೆಂದೂ ಷಟಲ್ ಆ ಕಡೆ ತಲೆ ಹಾಕಲಿಲ್ಲ.

ಕ್ಯಾಪ್ಸೂಲಿಗೆ ಮಳೆ ಹನಿಗಿಂತ ಸಿಡಿಲಿನದೇ ಚಿಂತೆ. ಪ್ಯಾರಾಚೂಟ್ ಬಿಚ್ಚೋದು, ಹಗ್ಗ ಕತ್ತರಿಸೋದು ಎಲ್ಲ ಸಣ್ಣ ಸಿಡಿಮದ್ದಿನ ಕೆಲಸ, ವಿದ್ಯುತ್ ಸಂಜ್ಞೆಯಿಂದ ನಡೆಯುವಂಥದ್ದು.

ನೆಲಕ್ಕೆ ಇಳಿದರೆ ತಾಪತ್ರಯ ಇಲ್ಲ ಅನ್ನೋದು ತಪ್ಪು, ತಾಪತ್ರಯದ ಜಾತಿ ಬೇರೆ. ಸೋಯುಜ್ ಪ್ಯಾರಾಚೂಟ್ ಬಿಚ್ಚೋದು 10.7 ಕಿ.ಮೀ. ಎತ್ತರದಲ್ಲಿ, ಕೆಳಗೆ ಬರೋಕೆ ಸುಮಾರು ಕಾಲು ಗಂಟೆ. ಆ 900 ಸೆಕೆಂಡಿನಲ್ಲಿ ಸರಾಸರಿ 15 ಮೀಟರ್ ಗಾಳಿ ಇದ್ದರೆ ಹದಿಮೂರೂವರೆ ಕಿ.ಮೀ. ತೇಲಿಬಿಡುತ್ತೆ. ಡ್ರ್ಯಾಗನ್‌ನ ನಾಲ್ಕು ದೊಡ್ಡ ಪ್ಯಾರಾಚೂಟ್ ಬಿಚ್ಚೋದು 2 ಕಿ.ಮೀ. ಎತ್ತರದಲ್ಲಿ, ಸೆಕೆಂಡಿಗೆ 7 ಮೀಟರ್ ಇಳಿದರೆ ಐದು ನಿಮಿಷದೊಳಗೆ ನೀರು, 5 ಮೀಟರ್ ಗಾಳಿಗೆ ತೇಲೋದು ಒಂದೂವರೆ ಕಿ.ಮೀ. ಸೋಯುಜ್ ನೆಲ ಮುಟ್ಟಿದ ಮೇಲೂ ಗಾಳಿ ಬಿಡೋದಿಲ್ಲ, ಸಾವಿರ ಚದರ ಮೀಟರಿನ ಆ ಬಟ್ಟೆ ಹಾಯಿಯಾಗಿ ನೌಕೆಯನ್ನ ಉರುಳಿಸಿ ಎಳೀಬಹುದು.

ಇನ್ನು ಹುಡುಕೋ ಹೆಲಿಕಾಪ್ಟರ್. 2013ರ ಮಾರ್ಚ್‌ನಲ್ಲಿ ಸೋಯುಜ್ ಇಳಿಯೋದನ್ನ ಒಂದು ದಿನ ಮುಂದೂಡಿದ್ದು ಹವಾಮಾನದಿಂದ ಹೆಲಿಕಾಪ್ಟರ್ ಏಳೋ ಹಾಗಿರಲಿಲ್ಲ ಅಂತ, ನೌಕೆಗೆ ಏನೂ ಆಗ್ತಿರಲಿಲ್ಲ. ಚೀನಾದ ಶೆಂಝೌ-19 ಕೂಡ 2025ರ ಏಪ್ರಿಲ್ 29ರ ಬದಲು 30ಕ್ಕೆ ಇಳಿದದ್ದು ಡಾಂಗ್‌ಫೆಂಗ್‌ನ ಹವಾಮಾನದಿಂದ. ಮುಂದೂಡದಿದ್ದರೆ ಏನಾಗುತ್ತೆ ಅನ್ನೋದಕ್ಕೆ 1976ರ ಅಕ್ಟೋಬರ್‌ನ ಸೋಯುಜ್-23 ಸಾಕ್ಷಿ. ರಾತ್ರಿ, ಹಿಮಗಾಳಿ, ಹೋಗಿ ಬಿದ್ದದ್ದು ಹೆಪ್ಪುಗಟ್ಟಿದ ತೆಂಗಿಜ್ ಸರೋವರಕ್ಕೆ. ಇಬ್ಬರನ್ನ ಹೊರಗೆ ತೆಗೆಯೋಕೆ ಬೆಳಗಾಯಿತು.

ಹವಾಮಾನ ನೋಡಿ ಜಾಗವನ್ನೇ ಸರಿಸಿದ ದೊಡ್ಡ ಉದಾಹರಣೆ ಅಪೋಲೋ-11. ಇಳಿಯೋ ಜಾಗದಲ್ಲಿ ಭಾರಿ ಗುಡುಗು ಮೋಡ ಏಳೋದನ್ನ ಹ್ಯಾಂಕ್ ಬ್ರಾಂಡ್ಲಿ ಅನ್ನೋ ವಾಯುಪಡೆಯ ಹವಾಮಾನಾಧಿಕಾರಿ ಆಗ ಗುಟ್ಟಾಗಿದ್ದ ಸೇನಾ ಉಪಗ್ರಹದ ಚಿತ್ರದಲ್ಲಿ ಕಂಡ. ಹೊರಗೆ ಬಾಯಿಬಿಡೋ ಹಾಗಿಲ್ಲ. ಪರ್ಲ್ ಹಾರ್ಬರ್‌ನ ನೌಕಾ ಹವಾಮಾನ ಅಧಿಕಾರಿ ವಿಲ್ಲರ್ಡ್ ಹೂಸ್ಟನ್‌ಗೆ ತೋರಿಸಿದ, ಆತ ಮೇಲಿನವರನ್ನ ಒಪ್ಪಿಸಿದ. ಗುರಿ ಸುಮಾರು 400 ಕಿ.ಮೀ. ಸರಿಯಿತು, ನೌಕೆಯನ್ನ ಎತ್ತಿಕೊಳ್ಳಬೇಕಿದ್ದ ಹಾರ್ನೆಟ್ ಹಡಗೂ ಅತ್ತ ಓಡಿತು. ಚಂದ್ರನಿಂದ ಬರೋ ನೌಕೆ ವಾತಾವರಣದಲ್ಲಿ ಎತ್ತುಬಲ ಬಳಸಿ ಹಾರಾಟ ಉದ್ದ ಮಾಡಿಕೊಳ್ಳಬಲ್ಲದು, ಅದಕ್ಕೇ ಸಾಧ್ಯವಾಯಿತು.

ಪಾಷಾಣ್_ಮುನ್ಸೂಚನೆ (ಪುಣೆ):

ಡೊಂಬಿವಲಿಯವರು ತೇಲಾಟದ ಲೆಕ್ಕ ಕೊಟ್ಟಿದ್ದು ಒಳ್ಳೇದಾಯಿತು, ಆದರೆ "ಸರಾಸರಿ ಗಾಳಿ" ಎಲ್ಲಿಂದ ತರ್ತೀರಿ? ನೆಲದ ಮೇಲೆ ಬಲೂನು ಬಿಡೋ ಕೇಂದ್ರಗಳಿವೆ, ಮುಂಬಯಿಯ ಸಾಂತಾಕ್ರೂಜ್, ಪಣಜಿಯಿಂದ ಸಾಮಾನ್ಯವಾಗಿ ಬೆಳಗಿನ ಜಾವ ಐದೂವರೆ, ಸಂಜೆ ಐದೂವರೆಯ ಲೆಕ್ಕಕ್ಕೆ ಏರಿಸ್ತಾರೆ. ದಡದಿಂದ ಮುನ್ನೂರು ನಾನೂರು ಕಿ.ಮೀ. ಆಚೆ ಬಲೂನು ಇಲ್ಲ, ಕರಾವಳಿಯ ರಡಾರ್ ಕೂಡ ಅಷ್ಟು ದೂರಕ್ಕೆ ಹೋದರೆ ಭೂಮಿಯ ಬಾಗುವಿಕೆಯಿಂದ ಮೋಡದ ನೆತ್ತಿ ಮಾತ್ರ ನೋಡುತ್ತೆ, ಕೆಳಗಿನ ಮಳೆ ಕಾಣೋದಿಲ್ಲ. ಓಷನ್‌ಸ್ಯಾಟ್-3 ಉಪಗ್ರಹ ಕಡಲ ಮೇಲ್ಮೈ ಗಾಳಿ ಅಳೆಯುತ್ತೆ, ಆದರೆ ಅದು ಹಾದಾಗ ಮಾತ್ರ. ಇನ್‌ಸ್ಯಾಟ್ ಉಪಗ್ರಹ ಸದಾ ನೋಡುತ್ತೆ, ಆದರೆ ಮೇಲಿನಿಂದ. ಹಾಗಾಗಿ ಹಡಗಿನಿಂದಲೇ ಬಲೂನು ಬಿಡದೆ, ಹಡಗಿನ ರಡಾರ್ ಇಲ್ಲದೆ ಕೊನೆಯ ಒಂದೂವರೆ ಗಂಟೆಯ ಭರವಸೆ ಹುಟ್ಟೋದಿಲ್ಲ.

ಇನ್ನೊಂದು, ಒಂದೇ ಬಿಂದುವಿನ ಹವಾಮಾನ ನೋಡಿದರೆ ಸಾಲದು. ಬರ್ನ್ ಹತ್ತು ಸೆಕೆಂಡು ತಡವಾಗಿ ಶುರುವಾದರೆ, ಮಿಕ್ಕದ್ದೆಲ್ಲ ಹಾಗೇ ಇದ್ದರೆ, ಬೀಳೋ ಜಾಗ ಹಾದಿಯುದ್ದಕ್ಕೆ 70 ಕಿ.ಮೀ. ಮುಂದೆ. ಎತ್ತುಬಲದ ನಿಯಂತ್ರಣ ಕೈಕೊಟ್ಟರೆ ನೌಕೆ ಕಲ್ಲಿನ ಹಾಗೆ ಕಡಿದಾಗಿ ಬಿದ್ದು ಗುರಿಗಿಂತ ಹಿಂದೆಯೇ ಇಳಿಯುತ್ತೆ. 2008ರ ಏಪ್ರಿಲ್‌ನಲ್ಲಿ ಸೋಯುಜ್ ಟಿಎಂಎ-11 ಹೀಗೆ 475 ಕಿ.ಮೀ. ಹಿಂದೆ ಬಿತ್ತು. ಅದರಲ್ಲಿದ್ದ ಪೆಗ್ಗಿ ವಿಟ್ಸನ್ ಅವರೇ ಶುಕ್ಲಾ ಯಾನದ ಕಮಾಂಡರ್. ಅರಬ್ಬಿ ಸಮುದ್ರಕ್ಕೆ ನೈಋತ್ಯದಿಂದ ಬರೋ ಹಾದಿ ಇಟ್ಟುಕೊಂಡರೆ, ಹಿಂದೆ ಬಿದ್ದರೂ ನೀರೇ. ಆ ನೀರಿನಲ್ಲೂ ಅಲೆ ಎಷ್ಟು ಅಂತ ನೋಡಿಟ್ಟಿರಬೇಕು.

ಈಗ ಸ್ವಾರಸ್ಯದ ಲೆಕ್ಕ. ಇದು ಬರೀ ಜ್ಯಾಮಿತಿ, ಇಸ್ರೋದ ಯೋಜನೆ ಅಂತ ಓದಬೇಡಿ. 15 ಡಿಗ್ರಿ ಉತ್ತರ ಅಕ್ಷಾಂಶ ತಗೊಳ್ಳಿ. ಒಂದು ಸುತ್ತಿನಲ್ಲಿ ನೌಕೆ ಅದನ್ನ 93 ಡಿಗ್ರಿಯಲ್ಲಿ, ಅಂಡಮಾನ್‌ನ ಉತ್ತರದ ನೀರಿನ ಮೇಲೆ ದಾಟಿತು ಅನ್ನಿ. 92 ನಿಮಿಷ ಬಿಟ್ಟು 70 ಡಿಗ್ರಿಯಲ್ಲಿ ದಾಟುತ್ತೆ, ಅದು ಗೋವಾದಿಂದ 400 ಕಿ.ಮೀ. ಪಶ್ಚಿಮ. ಎರಡು ಸಮುದ್ರಗಳ ನಡುವೆ ಹೆಚ್ಚೂಕಮ್ಮಿ ಒಂದೇ ಸುತ್ತಿನ ಅಂತರ! ಮೊದಲು ಬಂಗಾಳ ಕೊಲ್ಲಿ, ಅದು ಕೆಟ್ಟಿದ್ದರೆ ಬರ್ನ್ ಮಾಡದೆ ಬಿಟ್ಟು, ಒಂದೂವರೆ ಗಂಟೆಗೆ ಅರಬ್ಬಿ ಸಮುದ್ರ. ಎರಡರ ಹವಾಮಾನಕ್ಕೂ ಅಷ್ಟಾಗಿ ನಂಟಿಲ್ಲ, ಡಿಸೆಂಬರ್‌ನಲ್ಲಿ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಇದ್ದಾಗ ಇತ್ತ ಕಡಲು ಕನ್ನಡಿ ಆಗಿರೋದು ಅಪರೂಪ ಅಲ್ಲ. ಬೆಲೆ ಏನಪ್ಪಾ ಅಂದರೆ ಎರಡೂ ಕಡೆ ಹಡಗು, ಮುಳುಗುಗಾರರು, ವೈದ್ಯರು ತಯಾರಿರಬೇಕು.

ಗಂಟೆಯ ವಿಷಯ. ಬೆಳಗ್ಗೆ ಗಾಳಿ ಕಮ್ಮಿ, ಆಮೇಲೆ ಹುಡುಕೋಕೆ ಪೂರ್ತಿ ಹಗಲಿದೆ, ಹಾಗಾಗಿ ಸೂರ್ಯೋದಯದ ನಂತರ ಇಳಿಸೋಣ ಅಂತ ಎಲ್ಲರಿಗೂ ಅನಿಸುತ್ತೆ. ಆದರೆ ಅದನ್ನ ಕೊನೆಗೆ ಆರಿಸೋಕೆ ಬರೋದಿಲ್ಲ. ನಿಲ್ದಾಣದಂಥ ಕಕ್ಷೆಯಲ್ಲಿ ಒಂದು ಜಾಗದ ಮೇಲೆ ಒಂದೇ ದಿಕ್ಕಿನಲ್ಲಿ ಹಾಯೋ ಹೊತ್ತು ದಿನಕ್ಕೆ ಸುಮಾರು 24 ನಿಮಿಷ ಹಿಂದೆ ಸರಿಯುತ್ತೆ. ಆರು ತಿಂಗಳು ಇರೋರಿಗೆ ಕಾದರೆ ಬೇಕಾದ ಗಂಟೆ ಬಂದೇ ಬರುತ್ತೆ. ಮೂರು ದಿನದ ಯಾನದಲ್ಲಿ ಒಟ್ಟು ಸರಿಯೋದು 72 ನಿಮಿಷ ಅಷ್ಟೆ. ಇಳಿಯೋ ಗಳಿಗೆ ಹಾರೋ ಗಳಿಗೆಯಲ್ಲೇ ಬರೆದುಹೋಗಿರುತ್ತೆ.

ವಾಸ್ಕೊ_ವಾಯವ್ಯ (ಗೋವಾ):

ಹಗಲೇ ಬೇಕು ಅಂತೇನಿಲ್ಲ, ಡ್ರ್ಯಾಗನ್‌ನ ಕ್ರೂ-1 ಯಾನ ಇಳಿದದ್ದು ರಾತ್ರಿ ಮೂರರ ಹತ್ತಿರ, ಶುಕ್ಲಾ ಅವರದೂ ಅಲ್ಲಿನ ಎರಡೂವರೆ ರಾತ್ರಿ. ಆದರೆ ಹೆಲಿಕಾಪ್ಟರಿಗೆ ರಾತ್ರಿ ದೃಷ್ಟಿ ದೂರದ ಮಿತಿ ಹಗಲಿನ ಎರಡರಷ್ಟು ಇಟ್ಟಿರ್ತಾರೆ: ಹಗಲಿಗೆ ಅರ್ಧ ಮೈಲಿ, ರಾತ್ರಿಗೆ ಒಂದು ಮೈಲಿ. ಮೊದಮೊದಲ ಯಾನಕ್ಕೆ ಹಗಲೇ ವಾಸಿ.

ನೀರಿಗೆ ಬಿದ್ದ ಮೇಲಿನ ಒಂದು ಗಂಟೆಯೂ ಹವಾಮಾನದ ಲೆಕ್ಕಕ್ಕೇ ಸೇರುತ್ತೆ. 2023ರ ಅಕ್ಟೋಬರ್ 21ರ ಗಗನಯಾನದ ಟಿವಿ-ಡಿ1 ಪರೀಕ್ಷೆಯಲ್ಲಿ ಖಾಲಿ ಕ್ಯಾಪ್ಸೂಲ್ ಶ್ರೀಹರಿಕೋಟಾ ಆಚೆ ತಲೆಕೆಳಗಾಗಿ ತೇಲಿತು. ಅಂದು ಬೆಳಗ್ಗೆ ಉಡಾವಣೆಯೂ ಮೊದಲು ಹವಾಮಾನಕ್ಕೇ ತಡವಾಗಿದ್ದು. ತಲೆಕೆಳಗಾದರೆ ಆಂಟೆನಾ ನೀರಲ್ಲಿ, ಒಳಗಿನವರು ಪಟ್ಟಿಗೆ ನೇತು. ನೆಟ್ಟಗೆ ಮಾಡೋಕೆ ಗಾಳಿ ಚೀಲ ಉಬ್ಬಬೇಕು, ಅಲೆ ಜೋರಿದ್ದಷ್ಟೂ ಅದು ನಿಧಾನ. ಮುಳುಗುಗಾರರು ಹತ್ತಿರ ಹೋಗಿ ಮೊದಲು ಮೂಸೋದು ವಿಷಾನಿಲ. 2020ರ ಆಗಸ್ಟ್ 2ರಂದು ಡ್ರ್ಯಾಗನ್‌ನ ಡೆಮೊ-2 ಯಾನದ ನೌಕೆ ಸುತ್ತ ನೈಟ್ರೋಜನ್ ಟೆಟ್ರಾಕ್ಸೈಡ್ ಆವಿ ಸಿಕ್ಕಿ ಬಾಗಿಲು ತೆರೆಯೋದು ತಡವಾಯಿತು. ಗಾಳಿ ಪೂರಾ ನಿಂತಿದ್ದರೆ ಆ ಆವಿ ಚದುರೋದೂ ಇಲ್ಲ ನೋಡಿ. ಅವತ್ತೇ ಖಾಸಗಿ ದೋಣಿಗಳೂ ಜಾತ್ರೆ ಥರ ಮುತ್ತಿಕೊಂಡಿದ್ದವು. ನಮ್ಮ ಕಡೆ ಮುಂಬಯಿಯಿಂದ 160 ಕಿ.ಮೀ. ಆಚೆ ಮುಂಬಯಿ ಹೈ ತೈಲಬಾವಿಗಳಿವೆ, ನಾವಾಶೇವಾ ಕಡೆಗೆ ಹಡಗು ದಾರಿ ಇದೆ, ಆಗಸ್ಟ್ ದಾಟಿದರೆ ಸಾವಿರಾರು ಟ್ರಾಲರ್. ಹಡಗುಗಳಿಗೆ ಎಚ್ಚರಿಕೆ ಸಂದೇಶ, ವಿಮಾನಗಳಿಗೆ ನೋಟಾಮ್ ಅನ್ನೋ ಸೂಚನೆ ಎಲ್ಲ ದಿನಗಟ್ಟಲೆ ಮುಂಚೆ ಹೋಗಬೇಕು. ಹವಾಮಾನ ಕೆಟ್ಟಿತು ಅಂತ ಜಾಗ ಸರಿಸಿದರೆ ಈ ಕಾಗದವೆಲ್ಲ ಮತ್ತೆ ಹೊಸದು, ಹಡಗು 15 ನಾಟ್ ವೇಗದಲ್ಲಿ ಓಡಿದರೂ 400 ಕಿ.ಮೀ.ಗೆ ಹದಿನಾಲ್ಕೂವರೆ ಗಂಟೆ.

ಮಾಟುಂಗಾ_ಮಳೆ (ಮುಂಬಯಿ):

ಅಂದರೆ ಜನವರಿ, ಫೆಬ್ರವರಿ, ಬೆಳಗ್ಗೆ, ದಡದಿಂದ ದೂರ. ನಾವೇ ದಿನಾ ಲೆಕ್ಕ ಹಾಕಿ ನೋಡೋಕೆ ಎಲ್ಲಿ ನೋಡಬೇಕು?

ವಾಸ್ಕೊ_ವಾಯವ್ಯ (ಗೋವಾ):

ಹೈದರಾಬಾದಿನ ಇನ್‌ಕಾಯ್ಸ್ ದಿನಾ ಕೊಡೋ ಸಾಗರ ಸ್ಥಿತಿ ಮುನ್ಸೂಚನೆ ತೆಗೀರಿ. ಅಲೆ ಎತ್ತರ, ಅವಧಿ, ಗಾಳಿ ಮೂರನ್ನೂ ಬರ್ಕೊಳ್ಳಿ. ಉಬ್ಬಲೆ (ದೂರದಿಂದ ಉರುಳಿ ಬರೋ ಅಲೆ, ಸ್ವೆಲ್) ಅಂತ ಬೇರೆ ಸಾಲಿದ್ದರೆ ಅದನ್ನೂ ಬೇರೆಯಾಗಿ, ಎರಡನ್ನ ಕೂಡಿಸಬೇಡಿ. ಗಾಳಿ ನಾಟ್‌ನಲ್ಲಿದ್ದರೆ ಎರಡರಿಂದ ಭಾಗಿಸಿದರೆ ಹೆಚ್ಚೂಕಮ್ಮಿ ಸೆಕೆಂಡಿಗೆ ಮೀಟರ್. ಉದಾಹರಣೆಗೆ 1.2 ಮೀಟರ್, 5 ಸೆಕೆಂಡು, 12 ನಾಟ್ ಅಂತ ಬಂತು ಅನ್ನಿ: ಉದ್ದ 39 ಮೀಟರ್, ಇಳಿಜಾರು ಐದೂವರೆ ಡಿಗ್ರಿ, ಗಾಳಿ 6 ಮೀಟರ್. ಅಲೆ ಹೂಂ ಅಂದಿತು, ಗಾಳಿ ಊಹೂಂ ಅಂದಿತು. ಡ್ರ್ಯಾಗನ್ ಆಗಿದ್ದರೆ ಇವತ್ತು ಇಳಿಯೋದಿಲ್ಲ.